ಖಾಲಿ ಕೊಡಬಾರದ ಡಬ್ಬಿ

ನಾನು ಸತ್ತ ಸುದ್ದಿ ನನಗೆ ತಿಳಿದದ್ದು ಮುಂಡರಗಿಯಲ್ಲಿ, ಒಂದು ಟೇಲರ್ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ. ಚಹಾ ಚೆನ್ನಾಗಿತ್ತು, ಶುಂಠಿ ಹಾಕಿದ್ದರು. ಗದಗಿನಿಂದ ಅಷ್ಟು ದೂರ ಹೋಗಿ ಇಂಥ ದೊಡ್ಡ ಸುದ್ದಿ ತಂದರೂ ನನಗೆ ಬಸ್ಸಿನ ಖರ್ಚು ಆಗಲಿಲ್ಲ. ಹೆಂಗಸರಿಗೆ ಈಗ ಸೊನ್ನೆ ಟಿಕೆಟ್ ಅಲ್ಲವೇ.

ನನ್ನನ್ನು ಸಾಯಿಸಿದವರು ನನ್ನ ಗಂಡ. ಅವರ ಪರಿಚಯವನ್ನು ಮೊದಲು ಮಾಡಿಕೊಡುತ್ತೇನೆ. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ, ಮಗ್ಗದ ಸದ್ದು ಕೇಳುವ ಒಂದು ಓಣಿಯಲ್ಲಿ ನಮ್ಮ ಮನೆ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಇವರು ಸರಕಾರಿ ಕಚೇರಿಯಲ್ಲಿ ನೌಕರರು. ಬಹಳ ವರ್ಷ ಲಕ್ಷ್ಮೇಶ್ವರದಲ್ಲಿದ್ದರು, ಆಮೇಲೆ ಮುಂಡರಗಿಗೆ ವರ್ಗವಾಯಿತು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಒಬ್ಬಳೇ ಮಗಳು, ಹುಬ್ಬಳ್ಳಿಯಲ್ಲಿ ಸಂಸಾರ ಮಾಡುತ್ತಾಳೆ. ಅವಳನ್ನು ಈ ಬರಹದಲ್ಲಿ ಎಳೆಯುವುದಿಲ್ಲ, ಬೇಡವೆಂದು ಅವಳೇ ಹೇಳಿದ್ದಾಳೆ. ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ನನ್ನ ಅತ್ತೆ.

ಇವರು ಕೆಟ್ಟವರೇನಲ್ಲ. ಕುಡಿಯುವುದಿಲ್ಲ, ಬೈಯುವುದಿಲ್ಲ, ಕೈ ಎತ್ತಿದವರಲ್ಲ. ಊರಿನಲ್ಲಿ ಅವರಿಗೆ 'ಸಂಭಾವಿತ' ಎಂಬ ಹೆಸರಿದೆ. ಆದರೆ ಅಡಿಗೆಮನೆಯಲ್ಲಿ ನೀರಿನ ಹಂಡೆ ಬಿಟ್ಟು ಬೇರೆ ಯಾವ ಪಾತ್ರೆಯ ಮುಚ್ಚಳವನ್ನೂ ಅವರು ಜನ್ಮದಲ್ಲಿ ತೆಗೆದವರಲ್ಲ. ಬುತ್ತಿ ಕಟ್ಟುವವಳು ನಾನು, ಬಿಚ್ಚಿ ತೊಳೆಯುವವಳು ನಾನು. ಮಧ್ಯದಲ್ಲಿ ಉಣ್ಣುವ ಕೆಲಸವೊಂದನ್ನು ಅವರು ಬೇಸರವಿಲ್ಲದೆ ಮಾಡಿಕೊಂಡು ಬಂದಿದ್ದಾರೆ. ಆ ಮುಚ್ಚಳ ತೆಗೆಯದ ಚಟವೇ ಅವರನ್ನು ಕೊನೆಗೆ ಸಿಕ್ಕಿಹಾಕಿಸಿತು.

ನಮ್ಮ ಕಡೆ ಒಂದು ಪದ್ಧತಿಯಿದೆ. ಒಬ್ಬರ ಮನೆಯ ಪಾತ್ರೆ ಇನ್ನೊಬ್ಬರ ಮನೆಗೆ ಹೋದರೆ ಅದನ್ನು ಖಾಲಿ ವಾಪಸ್ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ, ನಾಲ್ಕು ಕಾಳು ಜೋಳವಾದರೂ ಹಾಕಿಯೇ ಕೊಡಬೇಕು. ಖಾಲಿ ಪಾತ್ರೆ ಬಂತೆಂದರೆ ಆ ಮನೆಯವರು ನಮ್ಮ ಜೊತೆ ಬಳಕೆ ಮುರಿದರೆಂದೇ ಅರ್ಥ. ಇದನ್ನು ಯಾರೂ ಕಲಿಸುವುದಿಲ್ಲ, ಹೆಣ್ಣುಮಕ್ಕಳ ಕೈಗೆ ತಾನಾಗಿ ಬರುತ್ತದೆ. ಗಂಡಸರಿಗೆ ಇದು ಗೊತ್ತಿರುವುದಿಲ್ಲ. ಪಾತ್ರೆ ತೆಗೆದುಕೊಂಡು ಹೋಗಿ ಕೊಡುವುದೊಂದೇ ಅವರ ಪಾಲಿನ ಕೆಲಸ.

ಆ ವರ್ಷ ಪಂಚಮಿ ಮುಗಿದ ಮೇಲೆ ಒಂದು ಸಂಜೆ ಇವರು ಬ್ಯಾಗಿನಿಂದ ಡಬ್ಬಿ ತೆಗೆದು ಎಂದಿನಂತೆ ಕಟ್ಟೆಯ ಮೇಲೆ ಇಟ್ಟರು. ನನ್ನ ತವರಿನವರು ಕೊಟ್ಟ ಸ್ಟೀಲಿನ ಡಬ್ಬಿ ಅದು, ಮುಚ್ಚಳದ ಮೇಲೆ ನನ್ನ ಹೆಸರು ಕೊರೆಸಿದೆ. ಬೆಳಿಗ್ಗೆ ಅದರಲ್ಲಿ ಶೇಂಗಾ ಹೋಳಿಗೆ ಕಟ್ಟಿ ಕಳಿಸಿದ್ದೆ. ತೊಳೆಯಲೆಂದು ತೆಗೆದರೆ ಒಳಗೆ ಗಚ್ಚಾಗಿ ತುಂಬಿದ ಗುರೆಳ್ಳು ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. ಅದೂ ಹದವಾಗಿ ಹುರಿದು, ಬೆಳ್ಳುಳ್ಳಿ ಸೇರಿಸಿ ಕುಟ್ಟಿದ್ದು.

ರಾತ್ರಿ ಊಟಕ್ಕೆ ಅದನ್ನೇ ಬಡಿಸಿದೆ. ಅತ್ತೆ ರೊಟ್ಟಿಗೆ ಮೊಸರು ಹಚ್ಚಿ ಹಿಂಡಿ ನೆಕ್ಕಿ ನೋಡಿ, "ಇದು ನಿನ್ನ ಕೈಯಂದಲ್ಲ" ಎಂದರು. ನನ್ನ ಕೈಯ ಅಡಿಗೆ ಬಗ್ಗೆ ಅವರು ಹೇಳುವುದೆಲ್ಲ ಹೀಗೆ ಸುತ್ತಿ ಬಳಸಿಯೇ ಬರುತ್ತದೆ. ಇವರು ತಾಟು ನೋಡಿದವರು ತುತ್ತು ಬಾಯಲ್ಲೇ ಇಟ್ಟುಕೊಂಡು ಕೂತರು.

"ಯಾರ ಕೊಟ್ಟಾರ್ರಿ ಇದನ್ನ?" ಎಂದೆ.

"ಯಾವುದು?"

"ಡಬ್ಬ್ಯಾಗ ಇತ್ತಲ್ಲ, ಈ ಹಿಂಡಿ."

"ಡಬ್ಬ್ಯಾಗ ಇತ್ತೇನು?" ಎಂದರು. ಸ್ವಲ್ಪ ಹೊತ್ತು ಅಗಿದು, "ಹಾಂ, ನಮ್ಮ ಆಫೀಸಿನ ಜವಾನನ ಹೆಂಡ್ತಿ ಕೊಟ್ಟಿರಬೇಕು. ನಿನ್ನ ಹೋಳಿಗಿ ಆತಗ ಎರಡು ಕೊಟ್ಟಿದ್ದೆ" ಎಂದರು.

ನನಗೆ ಸಂತೋಷವಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಈ ಮನುಷ್ಯ ಕೈಯೆತ್ತಿ ಒಬ್ಬರಿಗೆ ಏನಾದರೂ ಕೊಟ್ಟನಲ್ಲ ಎಂದುಕೊಂಡೆ. ಜವಾನನ ಹೆಂಡತಿಯ ಮೇಲೆ ಪ್ರೀತಿಯೂ ಹುಟ್ಟಿತು. ಪಾಪ, ಬಡವರು, ಆದರೂ ಪದ್ಧತಿ ಬಿಟ್ಟಿಲ್ಲ. ಮುಂದಿನ ವಾರ ಡಬ್ಬಿ ತುಂಬ ಶೇಂಗಾ ಉಂಡಿ ಮಾಡಿ, "ಆಕೀಗೆ ಕೊಡ್ರಿ" ಎಂದು ಕಳಿಸಿದೆ. ಅಲ್ಲಿಂದ ಅಗಸಿ ಹಿಂಡಿ ಬಂತು. ನಾನು ಚಕ್ಕಲಿ ಕಳಿಸಿದೆ, ಅಲ್ಲಿಂದ ಕೆಂಪು ಮೆಣಸಿನಕಾಯಿ ಚಟ್ನಿ ಬಂತು. ದಸರೆ, ದೀಪಾವಳಿ ಎಲ್ಲ ಹೀಗೇ ನಡೆಯಿತು. ಇವರು ಎರಡೂ ಕಡೆಯ ಡಬ್ಬಿ ಹೊತ್ತರು, ಎರಡೂ ಕಡೆ ಉಂಡರು, ಮೈ ತುಂಬಿಕೊಂಡರು. ಕೆನ್ನೆಯ ಮೇಲೆ ಒಂದು ಹೊಳಪೂ ಬಂತು. ಮುಂಡರಗಿಯ ನೀರು ಹಿಡಿಸಿದೆ ಎಂದು ಅತ್ತೆ ಓಣಿಯ ತುಂಬ ಹೇಳಿಕೊಂಡು ತಿರುಗಿದರು.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಶಾಲೆಯವರು ನನ್ನನ್ನು ಒಂದು ತರಬೇತಿಗೆ ಮುಂಡರಗಿಗೆ ಹಾಕಿದರು. ಒಳ್ಳೆಯದೇ ಆಯಿತು, ಜವಾನನ ಹೆಂಡತಿಯನ್ನು ಕಂಡು ಮಾತಾಡಿಸಿದ ಹಾಗಾಯಿತು ಎಂದು ಡಬ್ಬಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತುಂಬಿಕೊಂಡೆ. ಇವರಿಗೆ ಹೇಳಲಿಲ್ಲ. ಆ ದಿನ ಅವರಿಗೆ ಗದಗಿನಲ್ಲೇ ಮೀಟಿಂಗ್ ಇತ್ತು. ಗಂಡ ಗದಗಿನಲ್ಲಿ, ಹೆಂಡತಿ ಮುಂಡರಗಿಯಲ್ಲಿ. ಕೆಲಸ ಕೆಡಲು ಇಷ್ಟು ಸಾಕಾಯಿತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರ ಕಚೇರಿಗೆ ಹೋದೆ. ಜವಾನ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದ ಮನುಷ್ಯ. "ನಿಮ್ಮ ಮನಿಯಾಕಿಗೆ ಕೊಡಾಕ ತಂದೀನ್ರಿ, ಮನಿ ಎಲ್ಲೈತಿ?" ಎಂದೆ.

"ನನ್ನ ಮನಿಯಾಕಿನ?" ಎಂದು ಆತ ಗಾಬರಿಯಿಂದ ಎದ್ದು ನಿಂತ. "ನನಗ ಇನ್ನೂ ಕನ್ಯಾನ ಸಿಕ್ಕಿಲ್ರಿ ಬಾಯಾರ. ಹುಡುಕ್ಯಾಡಾಕತ್ತೀವಿ." ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಅವನ ಮುಖ ಅರಳಿತು. "ಈ ಡಬ್ಬಿ ನನಗ ಗೊತ್ತೈತಿ. ಬಸ್ ಸ್ಟ್ಯಾಂಡ್ ಹಿಂದ ಟೇಲರ್ ಬಾಯಾರ ಅದಾರಲ್ರಿ, ಅವರ ಅಂಗಡ್ಯಾಗ ಇರ್ತದ. ಸಾಹೇಬ್ರು ದಿನಾ ಮಧ್ಯಾಹ್ನ ಊಟಕ್ಕ ಅಲ್ಲೇ ಹೋಗ್ತಾರ." ಬೇಕಾದರೆ ದಾರಿ ತೋರಿಸುತ್ತೇನೆ ಎಂದೂ ಹೇಳಿದ. ಬೇಡವೆಂದೆ.

ಹೋಗುವಾಗ ನನ್ನ ತಲೆಯಲ್ಲಿ ಏನಿತ್ತು ಎಂದು ಈಗ ಕೇಳಿದರೆ ಹೇಳಲು ಬರುವುದಿಲ್ಲ. ಕಾಲು ಮಾತ್ರ ತಮ್ಮಷ್ಟಕ್ಕೆ ಹೋದವು. ಅಂಗಡಿ ಸಣ್ಣದು, ಹಿಂದೆ ಮನೆ. ಆಕೆ ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು, ಕುತ್ತಿಗೆಗೆ ಟೇಪು ಹಾಕಿಕೊಂಡು ಮಶೀನಿನ ಮುಂದೆ ಕೂತಿದ್ದಳು. ಡಬ್ಬಿ ಕಂಡದ್ದೇ ಎದ್ದು ಬಂದು ಅದರ ಮೇಲಿನ ಹೆಸರನ್ನೂ ನನ್ನ ಮುಖವನ್ನೂ ನೋಡಿದಳು.

"ಅಕ್ಕಾರ ಅಲ್ರಿ ನೀವು? ಬರ್ರಿ, ಕುಂಡ್ರಿ. ಎಷ್ಟ ದಿನದಿಂದ ನಿಮ್ಮನ್ನ ನೋಡಬೇಕು ಅಂತಿದ್ದೆ" ಎಂದಳು. "ನಿಮ್ಮ ತಮ್ಮಾರು ನಿಮ್ಮ ಸುದ್ದಿ ಬಿಟ್ಟರ ಬ್ಯಾರೆ ಮಾತಾಡಂಗಿಲ್ಲ."

ನನಗೆ ತಮ್ಮಂದಿರಿಲ್ಲ. ತವರೂರು ಸೊರಟೂರಿನಲ್ಲಿ ಒಬ್ಬ ಅಣ್ಣನಿದ್ದಾನೆ, ಅವನು ಹೊಲ ಬಿಟ್ಟು ಮುಂಡರಗಿಗೆ ಬಂದು ನನ್ನನ್ನು ಹೊಗಳುವವನಲ್ಲ. ನಾನು ಕೂತೆ. ಚಹಾ ಬಂತು. ಆಕೆ ಹೇಳಿದಳು, ನಾನು ಕೇಳಿದೆ.

ತಮ್ಮನನ್ನು ಸಾಕುತ್ತಿರುವ ದೊಡ್ಡ ಮನಸ್ಸಿನ ಅಕ್ಕ ನಾನು. ಅವನ ಹೆಂಡತಿ ತೀರಿಕೊಂಡ ಮೇಲೆ ಅವನಿಗೂ ಮುದುಕಿ ತಾಯಿಗೂ ಬೇಯಿಸಿ ಹಾಕುತ್ತಿದ್ದೇನೆ. ಆ ಹೆಂಡತಿ ಗರ್ಭಕೋಶದ ಆಪರೇಶನ್ ಆದ ಮೇಲೆ ಏಳಲೇ ಇಲ್ಲವಂತೆ. ತಿಂಗಳುಗಟ್ಟಲೆ ಇವರು ರಜೆ ಹಾಕಿ ಹಾಸಿಗೆಯ ಪಕ್ಕ ಕೂತು ಗಂಜಿ ಕುಡಿಸಿದರಂತೆ, ತಲೆ ಬಾಚಿದರಂತೆ. ಕೊನೆಗೆ ಆಕೆ ಇವರ ತೊಡೆಯ ಮೇಲೆಯೇ ಪ್ರಾಣ ಬಿಟ್ಟಳಂತೆ. ಹೇಳುತ್ತ ಟೇಲರ್ ಬಾಯಿಯ ಕಣ್ಣು ತುಂಬಿದವು. ಅಷ್ಟು ಪ್ರೀತಿ ಮಾಡುವ ಗಂಡಸರು ಎಲ್ಲಿ ಸಿಗುತ್ತಾರೆ ಎಂದಳು.

ಆಪರೇಶನ್ ಆದದ್ದು ಖರೆ. ಗದಗಿನ ಆಸ್ಪತ್ರೆಯಲ್ಲಿ ನಾನು ಮಲಗಿದ್ದಾಗ ಇವರು ಸಂಜೆ ಸಂಜೆ ಬರುತ್ತಿದ್ದರು, ನೋಡಲು ಬಂದವರು ತಂದ ಮೋಸಂಬಿ ಸುಲಿದು ತಿನ್ನುತ್ತಿದ್ದರು, ಬೀಜ ನನ್ನ ತಾಟಿನಲ್ಲಿ ಹಾಕಿ ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಿದ್ದರು. ಗಂಜಿ ಕುಡಿಸಿದವಳು ಪಕ್ಕದ ಹಾಸಿಗೆಯ ಹೆಂಗಸು. ಬದುಕಿದ್ದಾಗ ಸಿಗದ ಸೇವೆಯೆಲ್ಲ ನನಗೆ ಸತ್ತ ಮೇಲೆ ಸಿಕ್ಕಿತ್ತು. ಆ ಸುಳ್ಳಿನ ಹೆಂಡತಿಯನ್ನು ಕಂಡು ನನಗೇ ಹೊಟ್ಟೆಕಿಚ್ಚಾಯಿತು.

"ನಾನೂ ಗಂಡನ್ನ ಕಳಕೊಂಡಾಕಿ" ಎಂದಳು ಆಕೆ, ತಲೆ ತಗ್ಗಿಸಿ. "ಪ್ಯಾಂಟಿನ ಸೊಂಟಾ ಬಿಡಿಸಾಕಂತ ಬಂದಿದ್ರು. ಹಂಗ ಮಾತು ಬೆಳೀತು. ನಿಮಗ ಹೇಳೇ ಹೇಳಿರ್ತಾರ. ಅವರ ಮನಿಯವರು ಹೋಗಿ ಇನ್ನೂ ವರ್ಷ ಆಗಿಲ್ಲಂತ, ವರ್ಷದ ಕಾರ್ಯ ಮುಗೀಲಿ, ಆಮ್ಯಾಲ ಲಗ್ನದ ಮಾತು ಅಂದಾರ."

ಪ್ಯಾಂಟಿನ ಸೊಂಟ ಸಾಲದಾದದ್ದು ನನ್ನ ಹೋಳಿಗೆ ತಿಂದು. ಅಂದರೆ ಈ ಪ್ರೇಮಕ್ಕೆ ಮೂಲಕಾರಣ ನಾನೇ. ಅದಿರಲಿ. ನನ್ನ ವರ್ಷದ ಕಾರ್ಯದ ನೆಪದಲ್ಲಿ ಆಕೆಯನ್ನು ಕಾಯಿಸಿಟ್ಟ ಉಪಾಯಕ್ಕೆ ಮಾತ್ರ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಬದುಕಿದ ಹೆಂಡತಿ ಅಡುಗೆಗೆ, ಸತ್ತ ಹೆಂಡತಿ ಮದುವೆ ಮುಂದೂಡಲಿಕ್ಕೆ. ಇವರು ಕಚೇರಿಯಲ್ಲಿ ಫೈಲು ಸರಿಸುವುದೂ ಹೀಗೇ ಎಂದು ಕೇಳಿದ್ದೆ.

ಸುಮ್ಮನೆ ಚಹಾ ಮುಗಿಸಿ ಬಂದುಬಿಡಬಹುದಿತ್ತು. ಆಗಲಿಲ್ಲ. ಆಕೆ ನನ್ನ ಜಂಪರಿನ ತೋಳು ಬಿಗಿಯಾಗಿದೆ, ಬಿಚ್ಚಿ ಕೊಟ್ಟರೆ ಈಗಲೇ ಬಿಡಿಸಿ ಕೊಡುತ್ತೇನೆ ಎಂದು ಕೈಗೆ ಟೇಪು ಹಿಡಿದಳು. ಅಷ್ಟು ಅಕ್ಕರೆಯಿಂದ ಮುಟ್ಟಿದವಳಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ನೋಡವಾ" ಎಂದೆ. "ನಾ ಅವರ ಅಕ್ಕ ಅಲ್ಲ. ಸತ್ತಾಳ ಅಂದ್ರಲ್ಲ, ಆಕಿ ನಾನು."

ಆಕೆ ಟೇಪು ಹಿಡಿದುಕೊಂಡೇ ನಿಂತಳು. "ಖರೇನ್ರಿ?" ಎಂದಳು. "ಖರೆ" ಎಂದೆ. ಆಕೆ ಬೈಯಲಿಲ್ಲ, ಅಳಲಿಲ್ಲ. ಹೋಗಿ ಅಂಗಡಿಯ ಶಟರನ್ನು ಅರ್ಧ ಎಳೆದಳು. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಹೊಸ ಹಸಿರು ಸೀರೆಯಿತ್ತು, ಮಡಿಕೆ ಬಿಚ್ಚಿರಲಿಲ್ಲ.

ನಮ್ಮ ಕಡೆ ದಸರೆಗೆ ಮುಂಚಿನ ಮಾನವಮಿ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅವರಿಗೆ ಸೇರುತ್ತಿದ್ದದ್ದನ್ನೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ಲೋಬಾನ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ, ಹಿರಿಯರು ಬಂದು ಉಂಡು ಹೋಗಲಿ ಎಂದು. ಮುತ್ತೈದೆಯಾಗಿ ಹೋದವಳಿಗೆ ಸೀರೆ, ಬಳೆ ಇಡುವುದು ರೂಢಿ.

"ಅಮಾಸಿಗೆ ನಿಮಗ ಎಡಿ ಇಟ್ಟಿದ್ದೆ" ಎಂದಳು. "ನಿಮ್ಮ ಜಾಗಕ್ಕ ಬರಾಕಿ ನಾನು, ನೀವು ಸಿಟ್ಟಾಗಬಾರದು ಅಂತ. ಎಡಿ ಸೀರಿ ಮನಿಯಾಗಿನವರು ಉಡಬೇಕಂತಾರ. ಹಕ್ಕು ಬಂದ ಮ್ಯಾಲ ಉಟ್ಟರಾತು ಅಂತ ಇಟ್ಟಿದ್ದೆ. ಇದು ನಿಮ್ಮದ್ರಿ." ಸೀರೆಯನ್ನು ನನ್ನ ಮಡಿಲಲ್ಲಿ ಇಟ್ಟು, "ಶೇಂಗಾ ಹೋಳಿಗಿ ಇಟ್ಟಿದ್ದೆ. ನಿಮಗ ಭಾಳ ಸೇರ್ತಿದ್ದುವು ಅಂತ ಅವರು ಹೇಳಿದ್ರು" ಎಂದಳು.

"ಅವು ಅವರಿಗೆ ಸೇರ್ತಾವ. ನನಗ ಸೇರಂಗಿಲ್ಲ."

"ಮತ್ತ ನಿಮಗೇನ ಸೇರ್ತದ್ರಿ?"

ಮದುವೆಯಾಗಿ ಬಂದಂದಿನಿಂದ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸಂತೆಗೆ ಹೋಗುವಾಗ ನಾನೇ ಉಳಿದವರನ್ನೆಲ್ಲ ಕೇಳುತ್ತಿದ್ದೆ. ನನಗೆ ಪುಂಡಿಪಲ್ಯ, ಅಂದರೆ ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಯ, ಸೇರುತ್ತದೆ. ಜೋಳದ ನುಚ್ಚು ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಒಣಗಿ ಗರಿಗರಿಯಾದ ಕಟಕ ರೊಟ್ಟಿಯ ಜೊತೆ. ಸೊರಟೂರಿನಲ್ಲಿ ನನ್ನ ಅವ್ವ ವಾರಕ್ಕೊಮ್ಮೆ ಮಾಡುತ್ತಿದ್ದಳು. ಗಂಡನ ಮನೆಯಲ್ಲಿ ಅದನ್ನು ಮಾಡುವ ಹಾಗಿಲ್ಲ, ಹುಳಿಗೆ ಇವರ ಹಲ್ಲು ಜುಮ್ ಅನ್ನುತ್ತವೆ. ಇಷ್ಟನ್ನು ಆಕೆಗೆ ಹೇಳುವಷ್ಟರಲ್ಲಿ ನನಗೆ ಅಳು ಬಂತು. ಗಂಡನ ಮೋಸಕ್ಕೆ ಬರದ ಅಳು ಪುಂಡಿಪಲ್ಯಕ್ಕೆ ಬಂತು. ಆಕೆಯೂ ಅತ್ತಳು. ಇಬ್ಬರು ನಡುವಯಸ್ಸಿನ ಹೆಂಗಸರು ಅರ್ಧ ಎಳೆದ ಶಟರಿನ ಹಿಂದೆ ಕೂತು ಅತ್ತೆವು, ಹೊರಗೆ ಯಾರೋ ಜಂಪರ್ ಆಯಿತೇ ಎಂದು ಕೂಗುತ್ತಿದ್ದರು.

ಆಕೆಯನ್ನು ನಾನು ಅಲ್ಲೇ ಕ್ಷಮಿಸಿದೆ. ಹಾಗೆ ನೋಡಿದರೆ ಕ್ಷಮಿಸುವಂಥದ್ದು ಆಕೆಯ ಕಡೆ ಏನೂ ಇರಲಿಲ್ಲ. ಹೊರಡುವಾಗ ಸಜ್ಜೆ ರೊಟ್ಟಿ ತೆಗೆದುಕೊಂಡು, ಡಬ್ಬಿಗೆ ಶೇಂಗಾ ಹಿಂಡಿ ತುಂಬಿ ಕೊಟ್ಟಳು. ಇಷ್ಟೆಲ್ಲ ಆದರೂ ಡಬ್ಬಿಯನ್ನು ಖಾಲಿ ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಮನೆಯಲ್ಲಿ ನಾನು ಆ ರಾತ್ರಿ ಏನೂ ಹೇಳಲಿಲ್ಲ. ಮರುದಿನ ಇವರು ಬಿಸಿಲಿರುವಾಗಲೇ ಮುಂಡರಗಿಯಿಂದ ವಾಪಸ್ ಬಂದರು. ಮುಖ ಇಳಿದಿತ್ತು, ಕಂಕುಳಲ್ಲಿ ಒಂದು ಪ್ಯಾಂಟು. ಸೊಂಟ ಬಿಡಿಸಲೆಂದು ಕೊಟ್ಟಿದ್ದ ಇನ್ನೊಂದು ಪ್ಯಾಂಟು ಅದು. ಟೇಲರ್ ಬಾಯಿ ಅದರ ಸೊಂಟವನ್ನು ಮತ್ತಷ್ಟು ಹಿಡಿದು, ಬಿಚ್ಚಲು ಬಾರದಂತೆ ಎರಡೆರಡು ಹೊಲಿಗೆ ಹಾಕಿ ಕೊಟ್ಟಿದ್ದಳು. ಈಗ ಅದು ನಮ್ಮ ಅಣ್ಣನ ಕಡ್ಡಿಯಂಥ ಮಗನಿಗೂ ಆಗುವುದಿಲ್ಲ.

ಇವರು ನೆಲ ನೋಡುತ್ತ, "ತಪ್ಪಾತು" ಎಂದರು. ಆಮೇಲೆ, "ಅದೇನೋ ಹೆಂಗೋ ಬಾಯಿಂದ ಬಂತು" ಎಂದರು. ತಿಂಗಳುಗಟ್ಟಲೆ ಗಂಜಿ ಕುಡಿಸಿ, ತೊಡೆಯ ಮೇಲೆ ಪ್ರಾಣ ಬಿಡಿಸಿದ್ದು ಹೆಂಗೋ ಬಾಯಿಂದ ಬಂದದ್ದಂತೆ. ನಾನು ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಬಂದೆ. ಗದಗಿನಲ್ಲಿ, ನಮ್ಮ ಶಾಲೆಗೆ ನಡೆದು ಹೋಗುವಷ್ಟು ದೂರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯೊಂದನ್ನೂ ಗೊತ್ತುಮಾಡಿದೆ. ನನಗೆ ನನ್ನ ಸಂಬಳವಿದೆ. ಈ ಮನುಷ್ಯನ ಜೊತೆ ಇರಬೇಕೋ, ಆ ಎರಡು ಕೋಣೆಯಲ್ಲಿ ಒಬ್ಬಳೇ ಇರಬೇಕೋ ಎಂಬುದಷ್ಟೇ ಪ್ರಶ್ನೆ.

ಸುದ್ದಿ ತಿಳಿದಾಗ ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. "ಅಲ್ಲವಾ, ಆತ ಹೇಳಿದ ಕತ್ಯಾಗ ನಾ ಬದುಕೀನೇನ?" ಎಂದು ಕೇಳಿದರು. "ಬದುಕೀರಿ, ಬರೇ ದೇವರ ಧ್ಯಾನ ಮಾಡ್ಕೋತ ಇರ್ತೀರಿ" ಎಂದೆ. ಅವರಿಗೆ ಸಮಾಧಾನವಾಯಿತು. ಆಮೇಲೆ ಮಗನ ಮೇಲಿನ ಸಿಟ್ಟು ಬಹಳ ಕಡಿಮೆಯಾಯಿತು.

ಲಕ್ಷ್ಮೇಶ್ವರದ ನನ್ನ ನಾದಿನಿಗೆ, ಅಂದರೆ ಇವರ ಖರೆಖರೆ ಅಕ್ಕನಿಗೆ, ಬೇರೆ ದುಃಖ. ಬದುಕಿರುವ ಅಕ್ಕನ ಹೆಸರು ಅಳಿಸಿ ಅಲ್ಲಿ ಹೆಂಡತಿಯ ಹೆಸರು ಹಾಕಿದನಲ್ಲ ಎಂದು. ತನ್ನ ಮಗಳ ಲಗ್ನ ಹತ್ತಿರ ಬಂದದ್ದರಿಂದ ಆಕೆಗೆ ಅವಸರವೂ ಇತ್ತು. ಸೋದರಮಾವ ಜೋಡಿಯಾಗಿ ನಿಲ್ಲಬೇಕಲ್ಲ. ಹೀಗಾಗಿ ಆಕೆಯ ಮನೆಯಲ್ಲೇ ಹಿರಿಯರನ್ನು ಕೂಡಿಸಿದರು. ಹಿರಿಯರೆಂದರೆ ಶಿರಹಟ್ಟಿಯ ಕಾಕಾ, ನನ್ನ ಮಾವನ ತಮ್ಮ. ಬಂಧುಗಳಲ್ಲಿ ಎಲ್ಲಿ ಜಗಳವಾದರೂ ಮೊದಲ ಬಸ್ಸಿಗೆ ಬಂದು ಊಟದ ತನಕ ಬುದ್ಧಿ ಹೇಳುವವರು. ಆ ದಿನವೂ ಅವಲಕ್ಕಿ ತಿಂದು ಮೀಸೆ ಒರೆಸಿಕೊಂಡು ಶುರು ಮಾಡಿದರು.

"ಗಂಡಸಾದಂವ ಒಮ್ಮೊಮ್ಮೆ ಕಾಲು ಜಾರತಾನವಾ. ನೀ ಕಲತಾಕಿ, ನಾಕ ಮಂದಿಗೆ ಬುದ್ಧಿ ಹೇಳಾಕಿ. ದೊಡ್ಡ ಮನಸ ಮಾಡು."

"ಸತ್ತಾಕಿ ಮನಸ ಎಲ್ಲಿಂದ ತರಲ್ರಿ ಕಾಕಾರ?" ಎಂದೆ.

"ಹಂಗನಬ್ಯಾಡ. ಕ್ಷಮಾ ಮಾಡೀನಿ ಅಂತ ಒಂದ ಮಾತ ಅನ್ನು, ಆತು."

ಕ್ಷಮೆ ತಮ್ಮ ಮನೆಯ ಕಣಜದಲ್ಲಿ ತುಂಬಿಟ್ಟದ್ದು ಎಂಬಂತೆ ಎಲ್ಲರೂ ಅದನ್ನು ಧಾರಾಳವಾಗಿ ಹಂಚುತ್ತಿದ್ದರು. ನಾದಿನಿ, "ಬಿಡವಾ ಸಾಕು, ಆತಗೂ ವಯಸ್ಸಾತು" ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇವರು ಮೂಲೆಯಲ್ಲಿ ತಲೆ ತಗ್ಗಿಸಿ, ಬೇರೆ ಯಾರದೋ ಪಂಚಾಯಿತಿಗೆ ಬಂದವರಂತೆ ಕೂತಿದ್ದರು. ಸಿಟ್ಟು ನನಗೆ ಟೇಲರ್ ಅಂಗಡಿಯಲ್ಲಿ ಬಂದದ್ದಕ್ಕಿಂತ ಹೆಚ್ಚು ಅಲ್ಲಿ ಬಂತು.

ಆಗ ಹೇಳಿದೆ. ಲಗ್ನಕ್ಕೆ ಬರುತ್ತೇನೆ, ಜೋಡಿಯಾಗಿ ನಿಲ್ಲುತ್ತೇನೆ, ಆ ಹುಡುಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಇವರು ನನ್ನನ್ನು ಸಾಯಿಸಿದ್ದು ಖರೆ, ಎಡೆ ಇಡದಿರುವುದೂ ಖರೆ. ಸಂಬಂಧವಿಲ್ಲದ ಹೆಂಗಸು ನನಗೆ ಎಡೆ ಇಟ್ಟಿದ್ದಾಳೆ, ಗಂಡ ಇಟ್ಟಿಲ್ಲ. ಬರುವ ಮಾನವಮಿ ಅಮಾವಾಸ್ಯೆಗೆ ಇವರು ತಮ್ಮ ಕೈಯಾರೆ ಬೇಯಿಸಿ ನನಗೆ ಎಡೆ ಇಡಬೇಕು. ನನಗೆ ಏನೇನು ಸೇರುತ್ತದೋ ಅದೆಲ್ಲ ಅದರಲ್ಲಿ ಇರಬೇಕು. ನನ್ನನ್ನು ಕೇಳುವ ಹಾಗಿಲ್ಲ, ಸತ್ತವರು ಮಾತಾಡುವುದಿಲ್ಲ. ಎಡೆ ನೋಡಿ ನಾನು ಈ ಮನೆಯಲ್ಲಿ ಇರುವುದೋ ಬಾಡಿಗೆ ಮನೆಗೆ ಹೋಗುವುದೋ ನಿಶ್ಚಯಿಸುತ್ತೇನೆ.

"ಬದುಕಿದ ಮುತ್ತೈದಿಗೆ ಎಡಿ ಇಡೂದು ಅಪಶಕುನ" ಎಂದರು ಕಾಕಾ.

"ಆ ಶಕುನ ನಿಮ್ಮ ಮಗ ಆಗಲೇ ಮಾಡ್ಯಾನ್ರಿ" ಎಂದೆ. ಕಾಕಾರಿಗೆ ಊಟ ತಡವಾಗುತ್ತಿತ್ತು, ಒಪ್ಪಿದರು.

ಲಗ್ನ ಆಯಿತು. ಬೇಸಿಗೆ, ಮಳೆಗಾಲ ಕಳೆದವು. ಬಾಡಿಗೆ ಮನೆಯವರಿಗೆ ಅಮಾವಾಸ್ಯೆಯ ತನಕ ತಡೆಯಿರಿ ಎಂದಿದ್ದೆ. ಇವರನ್ನು ಶಿರಹಟ್ಟಿಗೆ ವರ್ಗ ಮಾಡಿದರು. ಡಬ್ಬಿ ಈಗ ಇವರ ಕೈಯಲ್ಲಿ ಹೋಗುವುದಿಲ್ಲ. ಅದನ್ನು ಬಸ್ಸಿನ ಕಂಡಕ್ಟರ್ ಒಬ್ಬರು ಮುಂಡರಗಿಗೆ ಒಯ್ದು ತರುತ್ತಾರೆ. ಹೌದು, ನಾವಿಬ್ಬರೂ ಬಿಡಲಿಲ್ಲ. ಆಕೆ ತುಂಬಿ ಕೊಟ್ಟ ಡಬ್ಬಿಯನ್ನು ನಾನು ಖಾಲಿ ಹೇಗೆ ಇಟ್ಟುಕೊಳ್ಳಲಿ? ಅದು ಹೋಗುತ್ತದೆ, ಬರುತ್ತದೆ. ಇವರು ಊಟಕ್ಕೆ ಕೂತಾಗ ಮುಂಡರಗಿಯ ಹಿಂಡಿ ತಾಟಿಗೆ ಬಿದ್ದರೆ ಮಾತಾಡದೆ ಉಣ್ಣುತ್ತಾರೆ.

ಅಮಾವಾಸ್ಯೆ ಹತ್ತಿರ ಬಂದ ಹಾಗೆ ಇವರ ಪರದಾಟ ನೋಡುವಂತಿತ್ತು. ಅಡಿಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದರು. "ಅವ್ವಾ, ಈಕೀಗೆ ಏನ್ ಸೇರ್ತದ?" ಎಂದು ತಾಯಿಯನ್ನು ಕೇಳಿದ್ದನ್ನು ಪಡಸಾಲೆಯಿಂದ ಕೇಳಿದೆ. "ಏನ್ ಹಾಕಿದ್ರೂ ಉಣ್ತಾಳ, ಪಾಪ" ಎಂದರು ಅತ್ತೆ. ಲಕ್ಷ್ಮೇಶ್ವರಕ್ಕೆ ಫೋನು ಹೋಯಿತು. "ಆಕೀಗೆ? ಶೇಂಗಾ ಹೋಳಿಗಿ ಅಲ್ಲೇನು?" ಎಂದಳು ಆಕೆ, ಸ್ಪೀಕರ್ ಹಾಕಿದ್ದರು. ನನಗೆ ಕ್ಷಮಿಸು ಎಂದು ಕೂತಿದ್ದ ಇಡೀ ಸಭೆಯಲ್ಲಿ ನನಗೆ ಏನು ಸೇರುತ್ತದೆಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ನಗು ಬಂತು. ಆಮೇಲೆ ನಗುವುದಕ್ಕೂ ಆಗಲಿಲ್ಲ. ಆ ರಾತ್ರಿಯೇ ನನ್ನ ಪುಸ್ತಕಗಳನ್ನು ಒಂದು ಚೀಲಕ್ಕೆ ತುಂಬಿಟ್ಟೆ.

ಹಬ್ಬದ ಬೆಳಿಗ್ಗೆ ಇವರು ಸ್ನಾನ ಮಾಡಿ ಅಡಿಗೆಮನೆ ಹೊಕ್ಕರು. ಮೊಬೈಲನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ, ಅದರಲ್ಲಿ ಯಾರೋ ಹೆಣ್ಣುಮಗಳು ಹೇಳಿದಂತೆ ಹಿಟ್ಟು ನಾದಿದರು. ಒಗ್ಗರಣೆ ಸಿಡಿದು ಕೈ ಸುಟ್ಟುಕೊಂಡರು. ಕೈಹಚ್ಚಲು ಹೋದ ಅತ್ತೆಯನ್ನು ನಾನು ತಡೆದೆ. ಕಾಕಾ ಶಿರಹಟ್ಟಿಯಿಂದ ಮೊದಲ ಬಸ್ಸಿಗೇ ಬಂದಿದ್ದರು, ಎಡೆ ಎಂದ ಮೇಲೆ ಊಟವಿದ್ದೇ ಇರುತ್ತದೆ. ಮಧ್ಯಾಹ್ನ ದೇವರ ಕೋಣೆಯಲ್ಲಿ ಮಣೆ ಹಾಕಿ, ಆ ಹಸಿರು ಸೀರೆ, ಹಸಿರು ಬಳೆ ಇಟ್ಟು, ಮುಚ್ಚಿದ ತಾಟನ್ನು ಇವರು ತಂದು ಇಟ್ಟರು. ಲೋಬಾನದ ಹೊಗೆ ಹಾಕಿದರು. ಕೈ ಮುಗಿಯಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದರು. ನಾನು ಮಣೆಯ ಮೇಲೆ ಕೂತೆ. ಎಲ್ಲರೂ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಮುಚ್ಚಳ ತೆಗೆದೆ. ಒಂದು ಕಡೆ ಹರಿದುಹೋದ ಶೇಂಗಾ ಹೋಳಿಗೆ. ಅದು ಇರುತ್ತದೆಂದು ಗೊತ್ತಿತ್ತು. ಅದರ ಪಕ್ಕದಲ್ಲಿ ಕಟಕ ರೊಟ್ಟಿ, ಒಂದು ಬಟ್ಟಲ ತುಂಬ ಪುಂಡಿಪಲ್ಯ. ನುಚ್ಚು ಹಾಕಿದ್ದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ, ಬೆಳ್ಳುಳ್ಳಿ ಕರ್ರಗೆ ಸೀದಿತ್ತು.

ಹಿರಿಯರ ಎಡೆಗೆ ಪುಂಡಿಪಲ್ಯ ಇಡುವುದನ್ನು ನಾನು ಎಲ್ಲೂ ಕಂಡಿಲ್ಲ. ಈ ಮನೆಯಲ್ಲಿ ಅದರ ಸುದ್ದಿಯನ್ನು ನಾನು ಎತ್ತಿಯೇ ಇಲ್ಲ. ನನ್ನ ಬಾಯಿಂದ ಅದನ್ನು ಕೇಳಿದವಳು ಜಗತ್ತಿನಲ್ಲಿ ಒಬ್ಬಳೇ. ಅಂದರೆ ಇವರು ಮುಂಡರಗಿಗೆ ಫೋನು ಮಾಡಿದ್ದರು. ಯಾರ ಅಂಗಡಿಯಿಂದ ತಲೆ ತಗ್ಗಿಸಿ, ಬಿಗಿ ಹೊಲಿಗೆ ಹಾಕಿಸಿಕೊಂಡು ಬಂದಿದ್ದರೋ ಅವಳಿಗೇ. ಆಕೆ ಫೋನಿನಲ್ಲಿ ಏನೇನು ಬೈದಿರಬಹುದು ಎಂದು ನಾನು ಊಹಿಸಬಲ್ಲೆ. ಅಷ್ಟೂ ಬೈಸಿಕೊಂಡು, ನನ್ನ ಹೆಂಡತಿಗೆ ಏನು ಸೇರುತ್ತದೆ ಎಂದು ಇವರು ಕೇಳಿದ್ದರು. ಆಕೆ ಹೇಳಿದ್ದಳು, ಹೇಗೆ ಮಾಡಬೇಕೆಂಬುದನ್ನೂ ಹೇಳಿದ್ದಳು.

ಇದಕ್ಕೆ ಸಿಟ್ಟಾಗಬೇಕೆಂದು ನನಗೆ ಅನಿಸಿತು. ಆಕೆಯ ಜೊತೆ ಮತ್ತೆ ಮಾತಾಡಿದರಲ್ಲ, ಇದೂ ಮೋಸವೇ ಅಲ್ಲವೇ ಎಂದು ನ್ಯಾಯ ಹಚ್ಚಿ ನೋಡಿದೆ. ಸಿಟ್ಟು ಬರಲಿಲ್ಲ. ನನಗಾಗಿ ಇವರು ಯಾರ ಮುಂದೆಯೂ ಒಮ್ಮೆಯೂ ಮರ್ಯಾದೆ ಬಿಟ್ಟು ಏನನ್ನೂ ಕೇಳಿದವರಲ್ಲ. ಇದು ಮೊದಲ ಸಲ. ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ಇರಲಿಲ್ಲ. ಎಡೆಯ ಅಡಿಗೆಯನ್ನು ಮೊದಲು ರುಚಿ ನೋಡಬಾರದಲ್ಲ, ನೋಡಿರಲಿಲ್ಲ. ಹೊರಗೆ ಕಾಕಾ, "ಉಣ್ಣಾಕತ್ತಾಳೇನೋ ಹೆಂಗ?" ಎಂದು ಕೇಳುವುದು, ಅತ್ತೆ ಸುಮ್ಮನಿರಿಸುವುದು ಕೇಳಿಸಿತು.

ಉಪ್ಪಿಲ್ಲದ ಪುಂಡಿಪಲ್ಯವನ್ನು ಅರ್ಧ ಉಂಡೆ. ಇನ್ನರ್ಧ ಉಣ್ಣುವಷ್ಟು ಹಸಿವೆ ಇತ್ತು, ಆದರೂ ಬಟ್ಟಲಲ್ಲಿ ಉಳಿಸಿದೆ. ತಾಟು ಖಾಲಿ ಮಾಡಿ ಇವರ ಕೈಗೆ ಕೊಟ್ಟು ಹೊರಟುಹೋಗಬೇಕೆಂದು ತಿಂಗಳುಗಳಿಂದ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಕೈ ಬರಲಿಲ್ಲ. ಬಾಗಿಲು ತೆರೆದೆ. ಇವರು ಎದುರಿಗೇ ನಿಂತಿದ್ದರು, ಸುಟ್ಟ ಬೆರಳಿಗೆ ಅರಿಶಿನ ಹಚ್ಚಿಕೊಂಡು. ತಾಟನ್ನು ಕೈಗೆ ಕೊಟ್ಟು, "ಉಪ್ಪಿಲ್ಲ. ಉಂಡು ನೋಡ್ರಿ" ಎಂದೆ.

ಇವರು ಬಟ್ಟಲು ನೋಡಿದರು, ನನ್ನನ್ನು ನೋಡಿದರು. ನಿಂತಲ್ಲೇ ರೊಟ್ಟಿ ಮುರಿದು ಉಂಡರು, ಬಟ್ಟಲು ಬಳಿದು ಉಂಡರು, ಮುಖ ಕಿವುಚಿದರೂ ನಿಲ್ಲಿಸಲಿಲ್ಲ.

"ಹಲ್ಲು ಜುಮ್ ಅಂದೂ ಏನ್ರಿ?" ಎಂದೆ.

"ಅಂದೂ" ಎಂದರು.

"ಅನ್ಲಿ" ಎಂದು, ಪುಸ್ತಕದ ಚೀಲ ಬಿಚ್ಚಲು ಒಳಗೆ ಹೋದೆ.